ಯಾವ ಟೆಸ್ಟ್ ಮಾಡಿದ್ರಿ?

ನಿಂತಾಗ ಬಿಸಿಯಾಗುತ್ತದೆ, ಓಡುವಾಗ ಸರಿಹೋಗುತ್ತದೆ. ನನ್ನ ಕಾರಿನ ತೊಂದರೆ ಇಷ್ಟೇ ಇತ್ತು. ಟ್ರಾಫಿಕ್ಕಿನಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ರಸ್ತೆ ಬಿಡುವಾಗಿ ವೇಗ ಹಿಡಿದರೆ ಕೆಳಗಿಳಿಯುತ್ತಿತ್ತು. ಗ್ಯಾರೇಜಿನಲ್ಲಿ ಕಾರು ಬಿಡುವಾಗ ಇದನ್ನು ಒಂದು ಚೀಟಿಯಲ್ಲಿ ಬರೆದೇ ಕೊಟ್ಟೆ. ಸೂಪರ್‌ವೈಸರ್ ಅದನ್ನು ಓದದೆ ಜಾಬ್ ಕಾರ್ಡಿನ ಹಿಂದೆ ಸಿಕ್ಕಿಸಿದರು.

ಮಧ್ಯಾಹ್ನ ಫೋನ್ ಬಂತು. "ಮೇಡಂ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ ಬಿಚ್ಚಬೇಕು. ಹೆಡ್ ಕೂಡ ಬೆಂಡ್ ಆಗಿರಬಹುದು, ಬಿಚ್ಚಿದ ಮೇಲೇ ಗೊತ್ತಾಗೋದು."

ಕಾರು ಇಟ್ಟುಕೊಂಡವರಿಗೆ ಈ ಮಾತು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಸಿಲಿಂಡರ್ ಹೆಡ್ಡಿಗೂ ನಡುವೆ ಇರುವ ತೆಳ್ಳನೆಯ ಸೀಲ್. ಅದರ ಬೆಲೆ ದೊಡ್ಡದಲ್ಲ. ಆದರೆ ಅದನ್ನು ಬದಲಿಸಲು ಇಂಜಿನ್ನಿನ ಮೇಲಿನ ಅರ್ಧವನ್ನೇ ಬಿಚ್ಚಬೇಕು. ದುಡ್ಡು ಹೋಗುವುದು ಆ ಕೆಲಸಕ್ಕೆ. ಒಂದು ಸಲ ಬಿಚ್ಚಿ ಹರಡಿದ ಮೇಲೆ "ಬೇಡ, ಹಾಗೇ ಜೋಡಿಸಿ ಕೊಡಿ" ಅನ್ನುವ ಹಾಗೂ ಇಲ್ಲ. ಹಾಗಾಗಿ ಏನನ್ನೂ ಮುಟ್ಟಬೇಡಿ ಎಂದು ಹೇಳಿ, ನಾನೇ ಹೋದೆ.

ಸೂಪರ್‌ವೈಸರ್ ಆಯಿಲ್ ತುಂಬುವ ಮುಚ್ಚಳ ತೆಗೆದು ತೋರಿಸಿದರು. ಒಳಗಡೆ ಕೆನೆಯ ಬಣ್ಣದ ಲೋಳೆ ಅಂಟಿತ್ತು. "ನೋಡಿ, ಆಯಿಲ್‌ಗೆ ನೀರು ಸೇರಿದೆ." ಡಿಪ್‌ಸ್ಟಿಕ್ ಎಳೆದು ತೋರಿಸಿ ಅಂದೆ. ಅದರಲ್ಲಿ ಆಯಿಲ್ ಚೊಕ್ಕವಾಗಿತ್ತು. ಇಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಅದರ ಮಟ್ಟವೂ ಕಡಿಮೆಯಾಗಿರಲಿಲ್ಲ. ಗ್ಯಾಸ್ಕೆಟ್ ಹೋದಾಗ ಸೈಲೆನ್ಸರಿನಿಂದ ಬರುವ ಬಿಳಿ ಹೊಗೆಯನ್ನು ನಾನಂತೂ ಒಮ್ಮೆಯೂ ನೋಡಿರಲಿಲ್ಲ.

"ಯಾವ ಟೆಸ್ಟ್ ಮಾಡಿದ್ರಿ?" ಎಂದು ಕೇಳಿದೆ.

"ನೋಡಿದ್ರೆ ಗೊತ್ತಾಗುತ್ತೆ ಮೇಡಂ. ದಿನಾ ಮಾಡೋ ಕೆಲಸ ಇದು. ಮನೇಲಿ ಯಾರಾದ್ರೂ ಗಂಡಸರಿದ್ರೆ ಫೋನ್ ಹಚ್ಚಿ ಕೊಡಿ, ನಾನು ಹೇಳ್ತೀನಿ."

ಕಾರು ನನ್ನದು, ಓಡಿಸುವುದೂ ನಾನೇ, ಬಿಲ್ ಕಟ್ಟುವುದೂ ನಾನೇ ಎಂದೆ. ಅವರು ತಪಾಸಣೆ ಚಾರ್ಜ್ ಹಾಕಿ, "ಹೆಡ್ ಗ್ಯಾಸ್ಕೆಟ್ ಫೇಲ್, ಗ್ರಾಹಕರು ರಿಪೇರಿ ನಿರಾಕರಿಸಿದ್ದಾರೆ" ಎಂದು ಬರೆದು ಕೈಗಿತ್ತರು. ಹಣ ಕಟ್ಟಿ, ಕಾರನ್ನು ಟೋ ಮಾಡಿಸಿ ಬೇರೆ ಕಡೆ ಒಯ್ದೆ. ಬಿಸಿಯಾಗುವ ಇಂಜಿನ್ನನ್ನು ಹಾಗೇ ಓಡಿಸಿದರೆ ಇಲ್ಲದ ತೊಂದರೆ ನಿಜವಾಗಿಯೇ ಬರುತ್ತದೆ.

ಎರಡನೇ ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳಿದರು. ಯಾವಾಗ ಬಿಸಿಯಾಗುತ್ತದೆ? ಎಸಿ ಹಾಕಿದಾಗ ಹೆಚ್ಚಾ? ದಿನಾ ಎಷ್ಟು ದೂರ ಓಡಿಸುತ್ತೀರಿ? ಮನೆಯಿಂದ ಆಫೀಸು ತೀರಾ ಹತ್ತಿರ ಎಂದೆ. ಆ ಲೋಳೆ ಬಂದಿದ್ದು ಅದಕ್ಕೇ ಇರಬಹುದು ಅಂದರು. ಚಿಕ್ಕ ಓಡಾಟದಲ್ಲಿ ಇಂಜಿನ್ ಪೂರ್ತಿ ಕಾಯುವುದಿಲ್ಲ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವ ಹಾಗೆ ಒಳಗಿನ ತೇವ ಅಲ್ಲೇ ಕೂತು ಆಯಿಲ್ ಜೊತೆ ಬೆರೆಯುತ್ತದೆ. ಮುಚ್ಚಳದ ಲೋಳೆ ಒಂದನ್ನೇ ನೋಡಿ ಇಂಜಿನ್ ಬಿಚ್ಚುವುದಕ್ಕೆ ಆಗುವುದಿಲ್ಲ.

ಆಮೇಲೆ ಅವರು ಇಂಜಿನ್ ಚಾಲೂ ಮಾಡಿ ಎಸಿ ಹಾಕಿದರು. ರೇಡಿಯೇಟರ್ ಫ್ಯಾನ್ ತಿರುಗಬೇಕಿತ್ತು. ತಿರುಗಲಿಲ್ಲ.

ನನ್ನ ಚೀಟಿಗೆ ಉತ್ತರ ಅಲ್ಲೇ ಇತ್ತು. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಸಾಮಾನ್ಯವಾಗಿ ಕೂಲೆಂಟ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದು ತಾನಾಗಿ ಶುರುವಾಗಬೇಕು. ನಿಂತಾಗ ಮಾತ್ರ ಬಿಸಿ ಅಂದರೆ ಮೊದಲು ನೋಡಬೇಕಾದ್ದೇ ಫ್ಯಾನ್. ಫ್ಯೂಸ್ ನೋಡಿದರು, ಸರಿಯಿತ್ತು. ಅದೇ ಬಾಕ್ಸಿನಲ್ಲಿದ್ದ ಅದೇ ನಮೂನೆಯ ಇನ್ನೊಂದು ರಿಲೇ, ಅಂದರೆ ಕರೆಂಟ್ ಬಿಡುವ ಸ್ವಿಚ್, ತೆಗೆದು ಹಾಕಿ ನೋಡಿದರು, ಫ್ಯಾನ್ ಅಲ್ಲಾಡಲಿಲ್ಲ. ಕೊನೆಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟರು. ಆಗಲೂ ಇಲ್ಲ. ಮೋಟರನ್ನು ಮೆಲ್ಲಗೆ ತಟ್ಟಿದಾಗ ಒಂದು ಸಲ ಜಗ್ಗಿ ನಿಂತಿತು. ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಒಳಗೆ ಸವೆದಿರಬೇಕು ಅಂದರು. ಇಷ್ಟಕ್ಕೂ ಒಂದು ಬೋಲ್ಟ್ ಕೂಡ ಬಿಚ್ಚಿರಲಿಲ್ಲ.

ಅವರು ಅಲ್ಲಿಗೇ ಬಿಡಲಿಲ್ಲ. ಪದೇಪದೇ ಬಿಸಿಯಾದ ಇಂಜಿನ್, ಗ್ಯಾಸ್ಕೆಟ್‌ಗೂ ಪೆಟ್ಟು ಬಿದ್ದಿರಬಹುದು, ನೋಡಿಬಿಡೋಣ ಅಂದರು. ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ನೀಲಿ ದ್ರವ ತುಂಬಿದ ಒಂದು ಕೊಳವೆ ಕೂರಿಸಿ, ಮತ್ತೆ ಚಾಲೂ ಮಾಡಿದರು. ಕೂಲೆಂಟ್ ಮೇಲಿನ ಗಾಳಿಯನ್ನು ಆ ದ್ರವದೊಳಗೆ ಎಳೆಯುತ್ತಾರೆ. ಗ್ಯಾಸ್ಕೆಟ್ ಸೋರಿ ಉರಿದ ಇಂಧನದ ಅನಿಲ ಕೂಲೆಂಟ್‌ಗೆ ನುಗ್ಗುತ್ತಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ನಾವಿಬ್ಬರೂ ಕೊಳವೆಯನ್ನೇ ನೋಡುತ್ತಾ ನಿಂತೆವು. ಬಣ್ಣ ಬದಲಾಗಲಿಲ್ಲ. ಹೊಸ ಫ್ಯಾನ್ ಮೋಟರ್ ಹಾಕಿದರು. ಹಳೆಯದನ್ನು ಕೇಳುವ ಮೊದಲೇ ಕೈಗೆ ಕೊಟ್ಟರು.

ಮೊದಲನೆಯವರು ಸುಳ್ಳು ಹೇಳಿದರೋ, ಅವರಿಗೆ ಕೆಲಸವೇ ಬರುವುದಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ಕೌಂಟರಿನ ಈಚೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಬಿಲ್ಲೂ ಅಷ್ಟೇ ಬರುತ್ತದೆ. ನನ್ನನ್ನು ಸಿಟ್ಟಿಗೆಬ್ಬಿಸುವುದು ಇನ್ನೊಂದು ವಿಷಯ. ನಾನು ಒಪ್ಪಿದ್ದರೆ ಅವರು ಇಂಜಿನ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸುತ್ತಿದ್ದರು. ಓಡಿಸಿ ನೋಡಿದಾಗ ಮತ್ತೆ ಬಿಸಿಯಾಗುತ್ತಿತ್ತು. ಆಗ ಫ್ಯಾನ್ ಕಣ್ಣಿಗೆ ಬೀಳುತ್ತಿತ್ತು. ಅದನ್ನೂ ಬದಲಿಸಿ ಬಿಲ್ಲಿಗೆ ಇನ್ನೊಂದು ಸಾಲು ಸೇರಿಸುತ್ತಿದ್ದರು. ಕಾರು ಸರಿಯಾಗಿ ಮನೆಗೆ ಬರುತ್ತಿತ್ತು. ಪಾಪ, ಒಳ್ಳೆ ಕೆಲಸ ಮಾಡಿದರು ಎಂದು ನಾನು ನಾಲ್ಕು ಜನಕ್ಕೆ ಹೇಳುತ್ತಿದ್ದೆ. ಇಂಥ ಮೋಸ ಹೊರಗೆ ಬರುವುದೇ ಇಲ್ಲ, ಅಲ್ವಾ? ರಿಪೇರಿ ಆಗಿದೆಯಲ್ಲ, ಯಾರು ಅನುಮಾನ ಪಡುತ್ತಾರೆ?

ಹಾಗಾಗಿ ವಾಪಸ್ ಹೋದೆ. ಹಳೆಯ ಮೋಟರ್, ಎರಡನೇ ಗ್ಯಾರೇಜಿನ ಟೆಸ್ಟ್ ವರದಿ, ಇವರು ಕೊಟ್ಟ ಚೀಟಿ ಮೂರನ್ನೂ ಕೌಂಟರಿನ ಮೇಲಿಟ್ಟೆ. "ಗಾಡಿ ಸರಿಯಾಯ್ತಲ್ಲ ಮೇಡಂ, ಇನ್ಯಾಕೆ ಇದೆಲ್ಲ?" ಅಂದರು ಸೂಪರ್‌ವೈಸರ್. ನಿಮ್ಮ ಕಂಪ್ಯೂಟರಿನಲ್ಲಿ ನನ್ನ ಕಾರಿನ ನಂಬರಿನ ಎದುರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದಿದೆ, ನಾಳೆ ಇದನ್ನು ಮಾರಲು ಹೋದರೆ ಕೊಳ್ಳುವವರು ಅದನ್ನೇ ನಂಬುತ್ತಾರೆ, ತಿದ್ದಿ ಕೊಡಿ ಎಂದೆ. ಮಾತು ಜೋರಾದಾಗ ಒಳಗಿಂದ ಮಾಲೀಕರು ಬಂದರು. ಅವರು ವರದಿಯನ್ನು ಪೂರ್ತಿ ಓದಿದರು. ಜಾಬ್ ಕಾರ್ಡಿನ ಹಿಂದೆ ಸಿಕ್ಕಿಸಿದ್ದ ನನ್ನ ಚೀಟಿ ತೆಗೆಸಿ ಅದನ್ನೂ ಓದಿದರು. ದಾಖಲೆ ತಿದ್ದಿಸಿ, ಸಹಿ ಹಾಕಿ ಪ್ರತಿ ಕೊಟ್ಟರು. ತಪಾಸಣೆ ಚಾರ್ಜನ್ನೂ ಹಿಂದಿರುಗಿಸಿದರು.

ಆ ನೀಲಿ ದ್ರವದ ಕಿಟ್ ನಿಮ್ಮಲ್ಲಿ ಇದೆಯಾ ಎಂದು ಕೇಳಿದೆ. ಇಲ್ಲ ಅಂದರು. ಅದನ್ನು ತರಿಸುವವರೆಗೆ ಯಾರಿಗೂ ಗ್ಯಾಸ್ಕೆಟ್ ಹೋಗಿದೆ ಅನ್ನಬೇಡಿ ಎಂದು ಹೇಳಿ ಬಂದೆ.