ಮಲಗೋದಕ್ಕೂ ಕ್ಲಾಸಾ?

"ಸುಮ್ನೆ ಮಲಗಿ ಕೈ ಆಡಿಸೋದಕ್ಕೆ ಕ್ಲಾಸ್ ಬೇಕಾ?"

ಇದೇ ಆ ಪ್ರಶ್ನೆ. ಗೋಣಿಕೊಪ್ಪದ ಸಂತೆಯಲ್ಲಿ ಕೇಳಿದ್ದಾರೆ, ಮಡಿಕೇರಿ ಬಸ್ಸಿನಲ್ಲಿ ಕೇಳಿದ್ದಾರೆ. ಒಮ್ಮೆ ಸಾವಿನ ಮನೆಯಲ್ಲೂ ಕೇಳಿದ್ದಾರೆ, ಹೆಣ ಇನ್ನೂ ಅಂಗಳದಲ್ಲಿತ್ತು. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿ ಅಂತ ಕಳಿಸಿಬಿಡುತ್ತೇನೆ.

ವಿಷಯ ಇಷ್ಟೇ. ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆ ಮಹಡಿ ಮೇಲೆ ಏಳೆಂಟು ಜನ ಸೇರುತ್ತೇವೆ. ಕಂಬಳಿ ಹಾಸಿಕೊಂಡು ಮಲಗುತ್ತೇವೆ. ಮುಕ್ಕಾಲು ಗಂಟೆ ತೋಳು, ಭುಜ, ಬೆನ್ನನ್ನು ತುಂಬ ನಿಧಾನವಾಗಿ, ತುಂಬ ಸಣ್ಣದಾಗಿ ಆಡಿಸುತ್ತೇವೆ. ಬಾಗಿಲಲ್ಲಿ ನಿಂತು ನೋಡಿದರೆ ಒಳಗೆ ಏನೂ ನಡೆಯುತ್ತಿಲ್ಲ ಅಂತಲೇ ಅನ್ನಿಸುತ್ತದೆ. ಮೊದಲನೇ ದಿನ ನಮ್ಮ ನಾಯಿ ಬಂದು ಎಲ್ಲರ ಮೂಗನ್ನೂ ಮೂಸಿ, ಜೀವ ಇದೆ ಅಂತ ಖಾತ್ರಿ ಮಾಡಿಕೊಂಡು ಹೋಯಿತು. ನಾಯಿಗೆ ಅಷ್ಟು ಸಾಕಾಯಿತು. ಮನುಷ್ಯರಿಗೆ ಸಾಲುವುದಿಲ್ಲ.

ಈ ಕ್ರಮದ ಹೆಸರು ಫೆಲ್ಡನ್‌ಕ್ರೈಸ್. ಹೆಸರು ಹೇಳಿದ ತಕ್ಷಣ ಎರಡನೇ ಪ್ರಶ್ನೆ: "ಕ್ರೈಸ್ತರದ್ದಾ?" ಅಲ್ಲ ಮಾರಾಯ್ರೇ. ಮೋಶೆ ಫೆಲ್ಡನ್‌ಕ್ರೈಸ್ ಅಂತ ಒಬ್ಬ ಯಹೂದಿ ಎಂಜಿನಿಯರ್. 1904ರಲ್ಲಿ ಈಗಿನ ಉಕ್ರೇನಿನಲ್ಲಿ ಹುಟ್ಟಿದವರು. ಜೂಡೊದಲ್ಲಿ ಬ್ಲ್ಯಾಕ್ ಬೆಲ್ಟ್. 1929ರಲ್ಲಿ ಫುಟ್‌ಬಾಲ್ ಆಡುವಾಗ ಮಂಡಿ ಕೆಟ್ಟಿತು. ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಜಲಾಂತರ್ಗಾಮಿ ಪತ್ತೆ ಹಚ್ಚುವ ಕೆಲಸದಲ್ಲಿದ್ದಾಗ ಮಂಡಿ ಮತ್ತೆ ತೊಂದರೆ ಕೊಟ್ಟಿತು. ಆಪರೇಷನ್ ಬೇಡ ಅಂತ ಬಿಟ್ಟು, ತಾನು ಹೇಗೆ ನಡೆಯುತ್ತೇನೆ, ಹೇಗೆ ತಿರುಗುತ್ತೇನೆ ಅಂತ ತನ್ನ ಮೈಯನ್ನೇ ನೋಡುತ್ತ ಕೂತರು. ಆಮೇಲೆ ಟೆಲ್ ಅವೀವ್‌ನಲ್ಲಿ ಜನರನ್ನು ನೆಲದ ಮೇಲೆ ಮಲಗಿಸಿ ಕಲಿಸಿದರು. ಇಸ್ರೇಲಿನ ಪ್ರಧಾನಿ ಬೆನ್ ಗುರಿಯನ್ ಎಪ್ಪತ್ತರ ವಯಸ್ಸಿನಲ್ಲಿ ಸಮುದ್ರ ದಂಡೆಯಲ್ಲಿ ತಲೆ ಕೆಳಗೆ ಮಾಡಿ ನಿಂತ 1957ರ ಫೋಟೋ ಇದೆ, ಅದು ಇವರ ಪಾಠದ ಫಲ. ಅಂದರೆ ಮಲಗಿಸಿ ದುಡ್ಡು ತೆಗೆದುಕೊಂಡವರಲ್ಲಿ ನಾನು ಮೊದಲನೆಯವಳಲ್ಲ.

ಆ "ದುಡ್ಡು" ಅನ್ನುವ ಮಾತು ವಿರಾಜಪೇಟೆಯ ಒಂದು ಮದುವೆಯಿಂದ ಬಂದದ್ದು.

ಮೇ ತಿಂಗಳು. ಊಟದ ಸಾಲಿನಲ್ಲಿ ನನ್ನ ಎದುರಿಗೆ ಒಬ್ಬರು ಕೂತಿದ್ದರು, ಸೈನ್ಯದಿಂದ ನಿವೃತ್ತರಾದವರು. ನಮ್ಮೂರಲ್ಲಿ ಎಲೆ ಹಾಕಿದರೆ ಎದುರಿಗೆ ಒಬ್ಬರಾದರೂ ನಿವೃತ್ತ ಸೈನಿಕರು ಇದ್ದೇ ಇರುತ್ತಾರೆ, ಹಾಗಾಗಿ ಇದರಿಂದ ಯಾರ ಗುರುತೂ ಸಿಗುವುದಿಲ್ಲ. ಅವರು ನಾಲ್ಕು ಸಾಲಿಗೆ ಕೇಳುವಂತೆ, "ನೀವೇ ಅಲ್ವಾ, ಜನರನ್ನ ಮಲಗಿಸಿ ದುಡ್ಡು ತಗೊಳ್ಳೋರು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಡಂಬುಟ್ಟು ಬಾಯಲ್ಲಿತ್ತು. ಅಷ್ಟಕ್ಕೆ ಬಿಡಲಿಲ್ಲ. "ಭುಜ ಅಂದರೆ ಹೀಗೆ ತಿರುಗಿಸಬೇಕು" ಅಂತ ಬಲಗೈಯನ್ನು ಗಾಣದ ಹಾಗೆ ಗರಗರ ತಿರುಗಿಸಿದರು. ಪಂದಿಕರಿ ಬಡಿಸುತ್ತಿದ್ದ ಹುಡುಗ ಹಿಂದಿನಿಂದ ಬರುತ್ತಿದ್ದ. ಕರಿ ಹೋಗಿ ಪಕ್ಕದವರ ಕುಪ್ಯದ ಸೊಂಟಕ್ಕೆ ಕಟ್ಟಿದ್ದ ರೇಷ್ಮೆ ಚೇಲೆಯ ಮೇಲೆ ಬಿತ್ತು.

ಗಲಾಟೆ ತಣ್ಣಗಾದ ಮೇಲೆ ನಾನು ಕೇಳಿದೆ: "ಕೈ ಎತ್ತುವಾಗ ಉಸಿರು ಎಲ್ಲಿತ್ತು?"

"ಏನು ಉಸಿರು?"

"ಇನ್ನೊಂದ್ಸಲ ಎತ್ತಿ. ನಿಧಾನ."

ಎತ್ತಿದರು. ನಾನು ನೋಡುತ್ತಿದ್ದೆ. ಕೈ ಇನ್ನೂ ಎದೆ ಮಟ್ಟಕ್ಕೂ ಬಂದಿರಲಿಲ್ಲ, ಭುಜ ಆಗಲೇ ಕಿವಿ ಹತ್ತಿರ ಏರಿತ್ತು. ದವಡೆ ಕಚ್ಚಿಕೊಂಡಿತ್ತು. ಉಸಿರು ಎದೆಯಲ್ಲೇ ನಿಂತಿತ್ತು. ಬರೀ ಕೈಯನ್ನು ಎತ್ತುವುದಕ್ಕೆ ಐವತ್ತು ಕೆಜಿ ಕಾಫಿ ಮೂಟೆ ಎತ್ತುವಷ್ಟು ತಯಾರಿ. ಎಲ್ಲರ ಎದುರಿಗೆ ಅದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅವರ ಮುಖ ಕೆಂಪಾಯಿತು.

ಆಮೇಲೆ ನನಗೇ ಪಾಪ ಅನ್ನಿಸಿ ಬೇರೆ ದಾರಿ ಹಿಡಿದೆ. "ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೀತೀರಲ್ವಾ? ಟ್ರಿಗರ್ ಜೋರಾಗಿ ಎಳೀತೀರಾ?"

"ಛೆ! ಎಳೆದರೆ ನಳಿಗೆ ಅಲ್ಲಾಡುತ್ತೆ. ಮೆಲ್ಲಗೆ ಒತ್ತಬೇಕು. ಯಾವಾಗ ಸಿಡೀತು ಅಂತ ನಮಗೇ ಗೊತ್ತಾಗಬಾರದು."

"ಅದನ್ನೇ ನಾನು ಭುಜಕ್ಕೆ ಹೇಳಿಕೊಡೋದು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪಾಯಸ ಕುಡಿದರು. ಕ್ಲಾಸಿಗೆ ಈವರೆಗೆ ಬಂದಿಲ್ಲ. ಅವರ ಹೆಂಡತಿ ತಪ್ಪದೆ ಬರುತ್ತಾರೆ.

ಸರಿ, ಯಾಕೆ ನಿಧಾನ, ಯಾಕೆ ಸಣ್ಣದು? ಬೆನ್ನ ಮೇಲೆ ಕಾಫಿ ಮೂಟೆ ಇದೆ ಅಂದುಕೊಳ್ಳಿ. ಅದರ ಮೇಲೆ ಒಂದು ಹಿಡಿ ಕಾಳುಮೆಣಸು ಹಾಕಿದರೆ ನಿಮಗೆ ಗೊತ್ತಾಗುತ್ತದಾ? ಇಲ್ಲ. ಅಂಗೈಯಲ್ಲಿ ನಾಲ್ಕು ಕಾಳು ಇದ್ದು ಅದಕ್ಕೆ ಅದೇ ಒಂದು ಹಿಡಿ ಸುರಿದರೆ ತಕ್ಷಣ ಗೊತ್ತಾಗುತ್ತದೆ. ಹೊರೆ ಹೆಚ್ಚಾದಷ್ಟೂ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ವೇಬರ್ ಅನ್ನುವ ವಿಜ್ಞಾನಿ ಇದನ್ನು ಅಳತೆ ಮಾಡಿ ತೋರಿಸಿದ್ದ, ಫೆಲ್ಡನ್‌ಕ್ರೈಸ್ ಅದನ್ನೇ ಮೈಗೆ ಹಚ್ಚಿದರು. ಜೋರು ಮಾಡಿದರೆ ಬರೀ ಜೋರು ಮಾತ್ರ ತಿಳಿಯುತ್ತದೆ. ಎಲ್ಲಿ ಸುಮ್ಮಸುಮ್ಮನೆ ಬಿಗಿ ಹಿಡಿದಿದ್ದೀರಿ ಅನ್ನುವುದು ತಿಳಿಯುವುದಿಲ್ಲ.

ಇನ್ನು ಭುಜದ ಕಟ್ಟೋಣ. ನಿಮ್ಮ ಇಡೀ ತೋಳು ಮುಂಡಕ್ಕೆ ಮೂಳೆಯಿಂದ ಮೂಳೆಗೆ ಸೇರುವುದು ಒಂದೇ ಒಂದು ಜಾಗದಲ್ಲಿ. ಗಂಟಲ ಗುಳಿಯ ಪಕ್ಕ, ಕಾಲರ್ ಬೋನ್ ಎದೆಮೂಳೆಗೆ ತಾಗುವ ಕಡೆ. ಬೆರಳಿಟ್ಟು ಭುಜ ಆಡಿಸಿ ನೋಡಿ, ಅಲ್ಲಿ ಕುಲುಕುತ್ತದೆ. ಉಳಿದದ್ದೆಲ್ಲ ಮಾಂಸಖಂಡದಲ್ಲಿ ನೇತುಬಿದ್ದಿದೆ. ಹಿಂದಿನ ಹಲಗೆ ಮೂಳೆ ಪಕ್ಕೆಲುಬಿನ ಮೇಲೆ ಜಾರುತ್ತಿರಬೇಕು. ಕೈ ಕಿವಿ ಪಕ್ಕ ನೆಟ್ಟಗೆ ಹೋಗುವ ಸುಮಾರು 180 ಡಿಗ್ರಿಯಲ್ಲಿ ಹೆಚ್ಚುಕಮ್ಮಿ 120 ಭುಜದ ಕೀಲಿನದು, 60 ಆ ಹಲಗೆಯದು. ಹಲಗೆ ಜಾರದಿದ್ದರೆ ಅದರ ಕೆಲಸವನ್ನೂ ಕೀಲೇ ಮಾಡಬೇಕು, ಆಗ ನೋಯದೆ ಏನು ಮಾಡುತ್ತದೆ?

ಇದನ್ನು ನನಗೆ ಬೆಂಗಳೂರಿನ ಟೀಚರ್ ಎರಡು ವರ್ಷ ಹೇಳಿದರು. ಅರ್ಥವಾದದ್ದು ಮಾತ್ರ ನಮ್ಮ ತೋಟದಲ್ಲಿ, ಮೆಣಸು ಕೊಯ್ಯುವಾಗ. ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ನಮ್ಮ ಹಳೇ ಕೆಲಸಗಾರ ಮೇಲಿದ್ದ. ಅರವತ್ತು ದಾಟಿದೆ. ನಾನು ಕೆಳಗೆ ಏಣಿ ಹಿಡಿದಿದ್ದೆ. ಅವನ ಕೈ ಒಂದೇ ಮೇಲೆ ಹೋಗುತ್ತಿರಲಿಲ್ಲ. ಬಲಗೈ ಗೊಂಚಲಿಗೆ ಹೋಗುವಾಗ ಬಲ ಪಕ್ಕೆ ಪೂರ್ತಿ ಉದ್ದವಾಗುತ್ತಿತ್ತು, ಸೊಂಟ ಸ್ವಲ್ಪ ತಿರುಗುತ್ತಿತ್ತು, ಬಲಪಾದದ ಬೆರಳು ಏಣಿ ಮೆಟ್ಟಿಲನ್ನು ಒತ್ತುತ್ತಿತ್ತು. ಕುತ್ತಿಗೆ ಮಾತ್ರ ಸಡಿಲ, ಕೆಳಗಿನವರ ಜೊತೆ ಹರಟೆ ಹೊಡೆಯುತ್ತಲೇ ಇದ್ದ. ಕಾಲಬೆರಳಿನಿಂದ ಹೊರಟದ್ದು ಕೈಬೆರಳಲ್ಲಿ ಮುಗಿಯುತ್ತಿತ್ತು. ಹಾಗಂತ ದುಡಿಯುವವರಿಗೆ ನೋವೇ ಬರಲ್ಲ ಅನ್ನುವ ಕಥೆ ನನ್ನ ಹತ್ತಿರ ತರಬೇಡಿ. ಅವನೂ ರಾತ್ರಿ ಎಣ್ಣೆ ಹಚ್ಚಿಕೊಂಡೇ ಮಲಗುವುದು. ಅವನು ದುಡಿದು ಸವೆಸಿದ್ದಾನೆ. ನಾವು ಆಡಿಸದೆ ಕೆಡಿಸಿಕೊಂಡವರು.

ನಿಜ ಹೇಳಲಾ? ಈ ಕ್ಲಾಸ್ ಬೇಕಾ ಬೇಡವಾ ಅನ್ನುವ ಪ್ರಶ್ನೆಯ ಬದಲು ಯಾರಾದರೂ ನನ್ನನ್ನು ಬೇರೆ ಒಂದು ಕೇಳಬೇಕಿತ್ತು. "ನೀವು ಯಾವಾಗಿಂದ ಕೈ ಎತ್ತೋದು ಬಿಟ್ಟಿರಿ?" ಅಂತ.

ನನ್ನ ಭುಜ ಹಿಡಿದುಕೊಂಡಾಗ ಡಾಕ್ಟರೂ ಅದನ್ನು ಕೇಳಲಿಲ್ಲ. "ನೋವು ಯಾವಾಗಿಂದ?" ಅಂದರು. "ಪುತ್ತರಿಯಿಂದ" ಅಂದೆ. ಆರು ವರ್ಷದ ಹಿಂದಿನ ಮಾತು. ಸುಗ್ಗಿ ಹಬ್ಬದ ಸಂಜೆ ಸೀರೆ ಉಡಲು ನಿಂತೆ. ನಮ್ಮ ಕಡೆ ನೆರಿಗೆ ಹಿಂದಕ್ಕೆ ಬರುತ್ತದೆ. ಬಲಗೈ ಬೆನ್ನ ಹಿಂದೆ ಹೋಗಲೇ ಇಲ್ಲ. ಸೊಂಟದ ಪಕ್ಕದಲ್ಲೇ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟಿತು. ಸೆರಗನ್ನು ಎಡಗಂಕುಳ ಕೆಳಗಿಂದ ತಂದು ಬಲಭುಜದ ಮೇಲೆ ಪಿನ್ ಮಾಡಬೇಕಲ್ಲ, ಅದೂ ಆಗಲಿಲ್ಲ. ಕೊನೆಗೆ ನನ್ನವರು ಬಂದು ನೆರಿಗೆ ಸಿಕ್ಕಿಸಿದರು. ಗೋಣಿಚೀಲದ ಬಾಯಿ ಕಟ್ಟುವ ಹಾಗೆ ಕಟ್ಟಿದರು. ಗದ್ದೆಗೆ ಹೋಗಿ ಕದಿರು ತಂದೆವು, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗುತ್ತಿದ್ದರೆ ನನ್ನ ಗಮನವೆಲ್ಲ ಹಿಂದೆ ಜಾರುತ್ತಿದ್ದ ನೆರಿಗೆಯ ಮೇಲೆ.

ಹಾಗಾಗಿ ಪುತ್ತರಿ ಅಂದೆ. ಆದರೆ ಅದು ಸುಳ್ಳು.

ಫ್ರೋಜನ್ ಶೋಲ್ಡರ್ ಅಂತ ಹೆಸರು ಸಿಕ್ಕ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ. ಮೇಲಿನ ಕಪಾಟು ಖಾಲಿ. ಅಲ್ಲಿ ಇರುತ್ತಿದ್ದ ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ, ಅದರ ಬಾಟಲಿ ಒಲೆ ಪಕ್ಕ ಇತ್ತು. ಉಪ್ಪಿನಕಾಯಿ ಭರಣಿ ನೆಲದ ಮೇಲೆ. ದೊಡ್ಡ ಪಾತ್ರೆಗಳೆಲ್ಲ ಸೊಂಟದ ಮಟ್ಟಕ್ಕೆ ಇಳಿದಿದ್ದವು. ಯಾರು ಇಳಿಸಿದರು? ನಾನೇ. ಯಾವಾಗ? ಕಾಚಂಪುಳಿ ಇಳಿದದ್ದು ಆಟಿ ಮಳೆಯಲ್ಲಿ ಅಂತ ನೆನಪಾಯಿತು, ಬಾಟಲಿ ತಳದಲ್ಲಿ ಆಗಿನ ಬೂಷ್ಟಿನ ಗುರುತು ಇತ್ತು. ಅಂದರೆ ಪುತ್ತರಿಗಿಂತ ನಾಲ್ಕು ತಿಂಗಳು ಮೊದಲು. ಬಟ್ಟೆ ಒಣಗಿಸುವ ಹಗ್ಗ ಅದಕ್ಕೂ ಮೊದಲೇ ಒಂದು ಗೇಣು ಕೆಳಗೆ ಬಂದಿತ್ತು. ಜಡೆ ಬಿಟ್ಟು ಕ್ಲಿಪ್ ಹಾಕಲು ಶುರು ಮಾಡಿದ್ದು ಯಾವಾಗ ಅನ್ನುವುದು ನೆನಪೇ ಇಲ್ಲ. ನೋವು ಬರುವ ಮೊದಲೇ ನನ್ನ ಮನೆ ಒಂದೊಂದೇ ಸಾಮಾನಾಗಿ ಕೆಳಗಿಳಿದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಈಗ ಇದನ್ನು ಓದುತ್ತಿರುವವರು ಒಮ್ಮೆ ಎದ್ದು ನಿಮ್ಮ ಕಪಾಟು ನೋಡಿ ಬನ್ನಿ. ನಾನು ಕಾಯುತ್ತೇನೆ.

ಬಂದ್ರಾ? ಸರಿ. ಇಲ್ಲಿ ಬುದ್ಧಿವಂತರ ಪ್ರಶ್ನೆ ಒಂದಿದೆ. "ಫ್ರೋಜನ್ ಶೋಲ್ಡರ್ ತಾನಾಗೇ ಬಿಡುತ್ತಂತಲ್ಲ, ಹಾಗಾದ್ರೆ ನಿಮ್ಮ ಕ್ಲಾಸಿಂದ ಏನಾಯ್ತು?" ಹೌದು, ಹೆಚ್ಚಿನವರಿಗೆ ಒಂದರಿಂದ ಮೂರು ವರ್ಷದಲ್ಲಿ ಬಹುಮಟ್ಟಿಗೆ ಬಿಡುತ್ತದೆ. ನಲವತ್ತರಿಂದ ಅರವತ್ತರ ಒಳಗಿನವರಿಗೆ ಜಾಸ್ತಿ ಬರುತ್ತದೆ, ಹೆಂಗಸರಿಗೆ ಇನ್ನೂ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಿಗೆ ಮತ್ತೂ ಜಾಸ್ತಿ. ಕೀಲಿನ ಸುತ್ತಲಿನ ಚೀಲ ಊದಿ, ದಪ್ಪಗಾಗಿ, ಬಿಗಿಯುತ್ತದೆ. ನಾನು ಅದನ್ನು ವಾಸಿ ಮಾಡುತ್ತೇನೆ ಅಂತ ಎಲ್ಲೂ ಬೋರ್ಡು ಹಾಕಿಲ್ಲ. ನಾನು ಡಾಕ್ಟರ್ ಅಲ್ಲ, ಫಿಸಿಯೋ ಅಲ್ಲ. ಬಿದ್ದು ಪೆಟ್ಟಾಗಿದ್ದರೆ, ಕೈ ಮರಗಟ್ಟಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಎಡಗೈ ನೋವಿನ ಜೊತೆ ಎದೆ ಬಿಗಿದು ಬೆವರು ಬರುತ್ತಿದ್ದರೆ ಕಂಬಳಿ ಹುಡುಕಬೇಡಿ, ಆಸ್ಪತ್ರೆಗೆ ಓಡಿ.

ನನಗೆ ಆದದ್ದು ಹೇಳುತ್ತೇನೆ. ಒಂದು ಕಡೆ ಚಿಕಿತ್ಸೆಗೆ ಹೋಗಿದ್ದೆ, ಅಲ್ಲಿ ಕೈ ಹಿಡಿದು ಒಮ್ಮೆಲೇ ಎಳೆದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಯಾರು ಹತ್ತಿರ ಬಂದರೂ ಭುಜ ತಾನೇ ಬಿಗಿದುಕೊಳ್ಳುತ್ತಿತ್ತು. ಚೀಲ ಬಿಗಿದದ್ದು ಒಂದಾದರೆ, ಹೆದರಿಕೆಗೆ ನಾನು ಬಿಗಿಹಿಡಿದದ್ದು ಇನ್ನೊಂದು. ಚೀಲ ತನ್ನ ಕಾಲಕ್ಕೆ ಬಿಟ್ಟಿತು. ಎರಡನೆಯದನ್ನು ನಾನೇ ಬಿಡಬೇಕಿತ್ತು, ಬಿಡುವುದನ್ನು ಕಲಿತದ್ದು ನೆಲದ ಮೇಲೆ ಮಲಗಿ.

ಏನು ಮಾಡುತ್ತೇವೆ ಅಂತ ಒಂದು ಹೇಳಿಬಿಡುತ್ತೇನೆ, ಗುಟ್ಟೇನಿಲ್ಲ. ಎಡ ಮಗ್ಗುಲಿಗೆ ಮಲಗಿ, ಮಂಡಿ ಮಡಚಿ, ತಲೆ ಕೆಳಗೆ ಮಡಚಿದ ಕಂಬಳಿ. ಎರಡೂ ಕೈ ಎದುರಿಗೆ ಚಾಚಿ, ಅಂಗೈ ಮೇಲೆ ಅಂಗೈ. ಈಗ ಮೇಲಿನ ಅಂಗೈ ಕೆಳಗಿನದರ ಮೇಲೆ ಜಾರಿ ಎರಡು ಬೆರಳಷ್ಟು ಮುಂದೆ ಹೋಗಲಿ, ಮತ್ತೆ ಹಿಂದೆ ಬರಲಿ. ಮೊಳಕೈ ಬಗ್ಗಿಸಬೇಡಿ. ಅಷ್ಟೇ. ಐದಾರು ಸಲ ಆದ ಮೇಲೆ, ಬೆನ್ನ ಹಿಂದೆ ಹಲಗೆ ಜಾರುವುದು ಗೊತ್ತಾಗುತ್ತದೆ. ಆಮೇಲೆ ಪಕ್ಕೆಲುಬೂ ಜೊತೆಗೆ ಬರುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಸೊಂಟ, ಮೇಲಿನ ಮಂಡಿ. ನೋವು ಶುರುವಾಗುವ ಮೊದಲೇ ನಿಲ್ಲಿಸಬೇಕು, ನೋವಿನವರೆಗೆ ಹೋಗಬಾರದು. ಹತ್ತು ನಿಮಿಷ ಬಿಟ್ಟು ಅಂಗಾತ ಮಲಗಿ ನೋಡಿ. ಬಲಭುಜ ನೆಲಕ್ಕೆ ಬೆಣ್ಣೆ ಹಾಕಿದ ಹಾಗೆ ಕೂತಿರುತ್ತದೆ, ಎಡಭುಜ ಇನ್ನೂ ಮುಂದಕ್ಕೆ ಎದ್ದೇ ಇರುತ್ತದೆ. ಇಲ್ಲಿ ಕೆಲವರು ನಗುತ್ತಾರೆ. ಒಬ್ಬರು ಅತ್ತರು, ಯಾಕೆ ಅಂತ ನಾನು ಕೇಳಲಿಲ್ಲ. ಇಬ್ಬರು ಪ್ರತಿ ವಾರ ಗೊರಕೆ ಹೊಡೆಯುತ್ತಾರೆ, ಅವರ ದುಡ್ಡನ್ನೂ ನಾನು ತೆಗೆದುಕೊಳ್ಳುತ್ತೇನೆ.

ಈಗ ನನ್ನ ಕೈ ಮೇಲಕ್ಕೆ ಹೋಗುತ್ತದೆ. ನೆರಿಗೆ ನಾನೇ ಸಿಕ್ಕಿಸಿಕೊಳ್ಳುತ್ತೇನೆ. ಉಪ್ಪಿನಕಾಯಿ ಭರಣಿ ತನ್ನ ಜಾಗಕ್ಕೆ ಏರಿದೆ. ಕಾಚಂಪುಳಿ ಬಾಟಲಿಯನ್ನೂ ಏರಿಸೋಣ ಅಂತ ಮೊನ್ನೆ ಎತ್ತಿಕೊಂಡೆ. "ಅದು ಅಲ್ಲೇ ಇರಲಿ" ಅಂದರು ನನ್ನವರು. "ಈಚೆಗೆ ನನಗೆ ಅಷ್ಟು ಮೇಲೆ ಕೈ ಹೋಗಲ್ಲ."

"ಶನಿವಾರ ಮಹಡಿಗೆ ಬನ್ನಿ" ಅಂದೆ.

"ಅಲ್ಲ, ಸುಮ್ನೆ ಮಲಗಿ ಕೈ ಆಡಿಸೋದಕ್ಕೆ..." ಅಂತ ಶುರು ಮಾಡಿದರು.