ನಮ್ಮ ಕಾಲೇಜಿನ ಹುಡುಗಿಯರ ಕಬಡ್ಡಿ

ನಾನು ಬಿ.ಎ.ಗೆ ಸೇರಿದ 1996ರಲ್ಲಿ ನಮ್ಮ ಕಾಲೇಜಿನ ಹುಡುಗಿಯರಿಗೆ ಆಟವೆಂದರೆ ತ್ರೋಬಾಲ್ ಮತ್ತು ಟೆನ್ನಿಕಾಯ್ಟ್, ಅಂದರೆ ರಿಂಗ್ ಆಟ. ಎರಡೂ ಮಧ್ಯೆ ನೆಟ್ ಇರುವ ಆಟಗಳು. ಮೈಗೆ ಮೈ ತಾಗುವುದಿಲ್ಲ, ಬಿದ್ದು ಮೊಣಕಾಲು ತರಚುವುದು ಕಡಿಮೆ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡರೆ ಸಾಕು. ಕರಾವಳಿಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ದಿನಗಳಲ್ಲಿ ಓದಿದ ಅಕ್ಕಂದಿರಂತೂ ಲಂಗ ದಾವಣಿಯಲ್ಲೇ ರಿಂಗ್ ಆಡಿದವರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾದ ಮೇಲೆ ಅಂತರ್ ಕಾಲೇಜು ಪಂದ್ಯಾಟಗಳು ನಮ್ಮ ಆಸುಪಾಸಿನಲ್ಲೇ ನಡೆಯತೊಡಗಿದವು. ಬೆಳಿಗ್ಗೆ ಹೋಗಿ ಕತ್ತಲಾಗುವ ಮೊದಲು ಮನೆ ಸೇರಬಹುದು ಎಂದಾದದ್ದು ಹುಡುಗಿಯರ ತಂಡಗಳಿಗೆ ಎಷ್ಟು ದೊಡ್ಡ ವಿಷಯವಾಗಿತ್ತೆಂದು ಈಗಿನ ಮಕ್ಕಳಿಗೆ ಹೇಳಿದರೆ ಅರ್ಥವಾಗುವುದು ಕಷ್ಟ.

ಕಬಡ್ಡಿ ತಂಡ ಬೇಕೆಂದು ಕೇಳಿದ್ದು ನಮಗಿಂತ ಒಂದು ವರ್ಷ ಮೇಲಿನವರು. ಕೊಯ್ಲಾದ ಗದ್ದೆಯಲ್ಲಿ ಅಣ್ಣತಮ್ಮಂದಿರ ಜತೆ ಆಡಿ ಬೆಳೆದ ಹುಡುಗಿಯರು. ದೈಹಿಕ ಶಿಕ್ಷಣ ನಿರ್ದೇಶಕರಾದ ನಮ್ಮ ಪಿ.ಡಿ. ಸರ್ ಮೊದಲು ಕೇಳಿದ್ದು ಆಟ ಬರುತ್ತದೆಯೇ ಎಂದಲ್ಲ, "ಮನೆಯಲ್ಲಿ ಹೇಳಿದ್ದೀರಾ?" ಎಂದು. ಅರ್ಧದಷ್ಟು ಮಂದಿ ಹೇಳಿರಲಿಲ್ಲ. ಸರ್ ತಾವೇ ಸ್ಕೂಟರಿನಲ್ಲಿ ನಾಲ್ಕೈದು ಮನೆಗಳಿಗೆ ಹೋಗಿ, ಚಾವಡಿಯಲ್ಲಿ ಕುಳಿತು, ಕೊಟ್ಟ ಬೆಲ್ಲ ನೀರು ಕುಡಿದು, ಒಪ್ಪಿಗೆ ಪಡೆದು ಬಂದರು. ಕಾಲೇಜಿನ ಮಹಿಳಾ ಕ್ರೀಡೆಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಆ ಚಾವಡಿಗಳಿಂದಲೇ ಆರಂಭಿಸಬೇಕು ಎಂದು ನನ್ನ ಅನಿಸಿಕೆ.

ನಮ್ಮದು ಗುಡ್ಡ ಕಡಿದು ಸಮತಟ್ಟು ಮಾಡಿದ ಮುರಕಲ್ಲಿನ ಮೈದಾನ. ಮಳೆಗಾಲದಲ್ಲಿ ಮೇಲಿನ ಮಣ್ಣೆಲ್ಲ ಕೊಚ್ಚಿ ಹೋಗಿ ಹರಳು ಕಲ್ಲುಗಳು ಎದ್ದು ಕೂರುತ್ತಿದ್ದವು. ಸೆಪ್ಟೆಂಬರಿನಲ್ಲಿ ಮಳೆ ಹಿಡಿತಕ್ಕೆ ಬಂದ ಕೂಡಲೇ ನಾವು ಸಾಲಾಗಿ ಕುಳಿತು ಹರಳು ಹೆಕ್ಕುತ್ತಿದ್ದೆವು. ಹುಡುಗಿಯರ ಕೋರ್ಟು 12 ಮೀಟರ್ ಉದ್ದ, 8 ಮೀಟರ್ ಅಗಲ. ಹುಡುಗರದ್ದು 13 ಮತ್ತು 10. ಎಷ್ಟು ಹೆಕ್ಕಿದರೂ ಮುಗಿಯದಾಗ ಆ ಸಣ್ಣ ಅಳತೆಯೇ ದೊಡ್ಡದೆನಿಸುತ್ತಿತ್ತು. ಮರದ ಮಿಲ್ಲಿನಿಂದ ಗೋಣಿಯಲ್ಲಿ ಹುಡಿ ತಂದು ಹೊಯಿಗೆಯ ಜತೆ ಬೆರೆಸಿ ಹರಡಿ, ಸುಣ್ಣದ ಹುಡಿಯಲ್ಲಿ ಗೆರೆ ಎಳೆದರೆ ಕೋರ್ಟು ತಯಾರು.

ನನ್ನ ಜಾಗ ಲೆಫ್ಟ್ ಕಾರ್ನರ್, ಅಂದರೆ ಹಿಡಿಯುವವರ ಸಾಲಿನ ಎಡ ತುದಿ. ಎದುರಿನ ತಂಡದಿಂದ ಮುಟ್ಟಲು ಬರುವ ರೈಡರ್‌ನ ಮುಖ ನೋಡಬೇಡ, ಕೈಯನ್ನಂತೂ ನೋಡಲೇಬೇಡ, ಹಿಮ್ಮಡಿ ನೋಡು ಎನ್ನುತ್ತಿದ್ದರು ಸರ್. ಕೈ ಸುಳ್ಳು ಹೇಳುತ್ತದೆ. ಮುಂದಿಟ್ಟ ಕಾಲಿನ ಮೇಲೆ ಪೂರ್ತಿ ಭಾರ ಬಿತ್ತೆಂದರೆ ಆ ಕ್ಷಣಕ್ಕೆ ಅವಳು ತಿರುಗಲಾರಳು. ಆಗ ಬಗ್ಗಿ ಎರಡೂ ಕೈಯಲ್ಲಿ ಪಾದದ ಗಂಟು ಹಿಡಿದು ಎದೆಗೆ ಎಳೆದುಕೊಳ್ಳಬೇಕು, ತಲೆಯನ್ನು ಹೊರಗಡೆಗೆ ಇಟ್ಟುಕೊಳ್ಳಬೇಕು. ತಲೆ ಒಳಗೆ ಹೋದರೆ ಮೊಣಕಾಲು ನೇರ ಮೂಗಿಗೆ. ಕಾರ್ನರ್ ಹಿಡಿದ ಕೂಡಲೇ ಸಾಲಿನ ಒಳಬದಿಯ ಕವರ್ ಜಾಗದಲ್ಲಿದ್ದವಳು ಬಂದು ಬೀಳದಿದ್ದರೆ ಹಿಡಿದದ್ದೂ ವ್ಯರ್ಥ, ಪಾಯಿಂಟ್ ಎದುರಿನವರಿಗೆ. ಕೈಯಲ್ಲಿ ಕೈ ಹಿಡಿದು ನಿಂತ ಆ ಚೈನ್‌ನಲ್ಲಿ ಪಕ್ಕದವಳ ಬೆರಳು ಬಿಗಿಯಾದರೆ ಅವಳು ಮುನ್ನುಗ್ಗುತ್ತಾಳೆಂದು ತಿಳಿಯುತ್ತಿತ್ತು. ಬಾಯಿ ಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ನಮ್ಮ ಮುಖ್ಯ ರೈಡರ್ ಬಗ್ಗೆ ಹೇಳಲೆಂದೇ ಈ ಬರಹಕ್ಕೆ ಕುಳಿತದ್ದು. ಹೆಸರು ಹೇಳುವುದಿಲ್ಲ, ಅವಳನ್ನು ಕೇಳಿಲ್ಲ. ಇಂದಿನ ಹಾಗೆ ಒಂದು ರೈಡ್ ಮುಗಿಸಲು 30 ಸೆಕೆಂಡಿನ ಗಡಿಯಾರ ನಮ್ಮ ಮೈದಾನದಲ್ಲಿರಲಿಲ್ಲ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗಿ ಅದೇ ಉಸಿರಿನಲ್ಲಿ ಮರಳಬೇಕು. ಅವಳ ಸ್ವರ ಸಣ್ಣದು, ಆದರೆ ಎಲ್ಲೂ ಕಡಿಯುತ್ತಿರಲಿಲ್ಲ. ಎದುರಿನವರು ಅವಳ ದಮ್ಮು ಮುಗಿಯಿತೆಂದುಕೊಂಡು ಒಂದು ಹೆಜ್ಜೆ ಮುಂದೆ ಬಂದಾಗಲೇ ದಾಟಿದರೆ ಹೆಚ್ಚುವರಿ ಪಾಯಿಂಟ್ ಸಿಗುವ ಬೋನಸ್ ಗೆರೆಯಾಚೆ ಅವಳ ಕಾಲು ಇರುತ್ತಿತ್ತು. ಮರಳುವಾಗ ಕಾರ್ನರ್‌ನವಳನ್ನೂ ಮುಟ್ಟಿ ಬರುತ್ತಿದ್ದಳು.

ಎರಡನೇ ವರ್ಷದಲ್ಲಿ ಅವಳು ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದಳು. ದಕ್ಷಿಣ ವಲಯದ ಪಂದ್ಯಾಟ ಬೇರೆ ರಾಜ್ಯದಲ್ಲಿತ್ತು. ರೈಲಿನಲ್ಲಿ ಹೋಗಿ ವಾರವಿಡೀ ಹೊರಗೆ ಉಳಿಯಬೇಕು. ಜತೆಗೆ ಹೆಂಗಸರು ಯಾರು ಹೋಗುತ್ತಾರೆಂಬ ಅವಳ ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ. ಅಪ್ಪನದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧ ಮಾಡಿಡಬೇಕಾದವರು ನಾವು, ಕಾಲೇಜು, ವ್ಯವಸ್ಥೆ. ಅವಳು ಹೋಗಲಿಲ್ಲ. ಕಾಯ್ದಿರಿಸಿದ ಆಟಗಾರ್ತಿಯೊಬ್ಬಳು ಅವಳ ಜಾಗಕ್ಕೆ ಹೋದಳು. ಮುಂದಿನ ವರ್ಷ ಅವಳ ಮದುವೆಯಾಯಿತು, ಪದವಿ ಅರ್ಧಕ್ಕೇ ನಿಂತಿತು.

ಏಷ್ಯನ್ ಕ್ರೀಡಾಕೂಟಕ್ಕೆ ಪುರುಷರ ಕಬಡ್ಡಿ ಬಂದದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. ಮಹಿಳೆಯರದ್ದು ಬರಲು ಇನ್ನೂ 20 ವರ್ಷ ಬೇಕಾಯಿತು. 2010ರಲ್ಲಿ ಗುವಾಂಗ್‌ಝೌನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಂಗಳೂರಿನ ತೇಜಸ್ವಿನಿ ಬಾಯಿ ಇದ್ದರು, ನಮ್ಮದೇ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪೂ ನಮ್ಮದಾಯಿತು. ತೇಜಸ್ವಿನಿಯವರಿಗೆ 2011ರಲ್ಲಿ, ಮಮತಾ ಅವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಹೆರ್ಮುಂಡೆಯ ಹುಡುಗಿ ಅಷ್ಟು ದೂರ ಹೋದಳೆಂದ ಮೇಲೆ ನಮ್ಮೂರ ಕಡೆಯ ಅಪ್ಪಂದಿರು ಬೇರೆ ರೀತಿಯಲ್ಲಿ ಯೋಚಿಸತೊಡಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಗ ನನ್ನ ಅಕ್ಕನ ಮಗಳನ್ನು ಅವಳಪ್ಪನೇ ಬೈಕಿನಲ್ಲಿ ಪ್ರಾಕ್ಟೀಸಿಗೆ ಬಿಟ್ಟು, ಮುಗಿಯುವವರೆಗೆ ಗೇಟಿನ ಹೊರಗೆ ಕಾಯುತ್ತಾನೆ.

ಈಗ ಮ್ಯಾಟ್ ಬಂದಿದೆ, ಶೂ ಬಂದಿದೆ, ತಂಡದ ಜತೆ ಹೋಗಲು ಮಹಿಳಾ ಮ್ಯಾನೇಜರ್ ಇದ್ದಾರೆ. ಸಂತೋಷ. ಒಂದು ಬೇಡಿಕೆ ಮಾತ್ರ ಇದೆ. ಕ್ರೀಡಾ ವಿಭಾಗದ ಗೋಡೆಯ ಮೇಲಿನ ಫಲಕದಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರ ಹೆಸರುಗಳಿವೆ. ಪ್ರತಿನಿಧಿಸಿದವರು ಎಂದರೆ ಹೋಗಿ ಆಡಿದವರು ಎಂದೇ ಲೆಕ್ಕ. ಆಯ್ಕೆಯಾಗಿಯೂ ಮನೆಯ ಹೊಸ್ತಿಲು ದಾಟಲಾಗದೆ ಉಳಿದವರು ನಮ್ಮ ತಂಡದಲ್ಲೊಬ್ಬಳೇ ಅಲ್ಲ. ನಮಗಿಂತ ಮೊದಲಿನ ತ್ರೋಬಾಲ್ ತಂಡಗಳಲ್ಲೂ ಇದ್ದರೆಂದು ಹಿರಿಯರು ಹೇಳುತ್ತಾರೆ. ಆಯ್ಕೆ ಪಟ್ಟಿಗಳು ಕಚೇರಿಯ ಕಡತಗಳಲ್ಲಿ ಸಿಗಬಹುದು. ಹುಡುಕುವ ಕೆಲಸಕ್ಕೆ ನಾನು ಬರುತ್ತೇನೆ, ಶನಿವಾರಗಳಲ್ಲಿ ನನಗೆ ಬಿಡುವಿದೆ. ಅವರವರ ಒಪ್ಪಿಗೆ ಕೇಳಿ, ಆ ಹೆಸರುಗಳನ್ನೂ ಅದೇ ಫಲಕದಲ್ಲಿ, ಅದೇ ಅಕ್ಷರದಲ್ಲಿ ಬರೆಸಬೇಕು. ಬಣ್ಣದ ಖರ್ಚು ನಮ್ಮ ಬ್ಯಾಚಿನದು.