ಹೋಗುವ ದೇಶದ ಬಗ್ಗೆ ಮೊದಲು ಏನನ್ನು ಓದಬೇಕು?

“ವಿನಿಮಯ ವಿದ್ಯಾರ್ಥಿಯಾಗಿ ಆಯ್ಕೆಯಾಗಿದ್ದೇನೆ. ಆ ದೇಶದ ಬಗ್ಗೆ ಏನೇನು ತಿಳಿದುಕೊಂಡು ಹೋಗಲಿ?” ಆಯ್ಕೆ ಪಟ್ಟಿ ಹೊರಬಿದ್ದ ಕೂಡಲೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಅಲ್ಲಿನ ಇತಿಹಾಸ, ಹಬ್ಬ, ನೋಡಬೇಕಾದ ಜಾಗಗಳ ಬಗ್ಗೆ ಸಾಕಷ್ಟು ಓದಿರುತ್ತಾರೆ. ಓದಲಿ, ಒಳ್ಳೆಯದೇ. ಆದರೆ ಅವನ್ನೆಲ್ಲ ಅಲ್ಲಿಗೆ ಹೋದ ಮೇಲೂ ಕಲಿಯಬಹುದು. ಹೋದ ಮೇಲೆ ತಿಳಿದರೆ ಪ್ರಯೋಜನವಿಲ್ಲದ ಸಂಗತಿಗಳಿಂದ ಶುರು ಮಾಡಿ ಎನ್ನುವುದು ನನ್ನ ಉತ್ತರ.

ಹಾಗೆ ನೋಡಿದರೆ ಮೊದಲು ಬಿಚ್ಚಬೇಕಾದ್ದು ಶೈಕ್ಷಣಿಕ ಕ್ಯಾಲೆಂಡರ್. ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠಗಳು ಫೆಬ್ರವರಿಯಲ್ಲಿ ಮುಗಿಯುತ್ತವೆ, ಪರೀಕ್ಷೆಗಳು ಅದರ ಬೆನ್ನಿಗೆ ಬರುತ್ತವೆ. ನಿಮ್ಮ ಕಾಲೇಜಿನ ಮುಂದಿನ ಸೆಮಿಸ್ಟರ್ ಜನವರಿಯಲ್ಲೇ ತೆರೆಯುವುದಾದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಪರೀಕ್ಷೆ ಬರೆಯದೆ ಹೊರಟುಬಂದರೆ ಕ್ರೆಡಿಟ್ ಸಿಗುವುದಿಲ್ಲ. ಜಪಾನಿನಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ, ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಕೊನೆಗೋ ಮಾರ್ಚ್‌ಗೋ.

ಅಂಕಗಳ ಲೆಕ್ಕವೂ ಇಲ್ಲಿಯೇ ಇತ್ಯರ್ಥವಾಗಬೇಕು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬಂದರೆ ಪಾಸು. ಫ್ರಾನ್ಸಿನಲ್ಲಿ 20ಕ್ಕೆ 10 ಬಂದರೆ ಪಾಸು, 16 ಬಂದರೆ ಬಹಳ ಒಳ್ಳೆಯ ಅಂಕ. ಆ 16ನ್ನು ಶೇಕಡಾ 80 ಎಂದು ನೇರವಾಗಿ ಭಾಗಿಸಿಬಿಟ್ಟರೆ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಪರಿವರ್ತನೆ ಹೇಗೆ ಮಾಡುತ್ತೀರಿ ಎಂದು ನಿಮ್ಮ ವಿಭಾಗವನ್ನೇ ಕೇಳಿ, ಹೊರಡುವ ಮೊದಲೇ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಓದಿನ ಹೊರೆಯನ್ನು ಕ್ರೆಡಿಟ್‌ಗಳಲ್ಲಿ ಎಣಿಸುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ತರಗತಿ, ಸ್ವಂತ ಓದು ಎಲ್ಲ ಸೇರಿ 25ರಿಂದ 30 ಗಂಟೆಗಳ ಕೆಲಸ. ತರಗತಿಯ ಗಂಟೆಗಳನ್ನಷ್ಟೇ ಎಣಿಸಿ ಹೆಚ್ಚು ವಿಷಯ ಆರಿಸಿಕೊಂಡವರು ಸೆಮಿಸ್ಟರ್ ನಡುವೆ ಸೋತುಹೋಗುತ್ತಾರೆ.

ಆಮೇಲೆ ವಿಳಾಸ ನೋಂದಣಿ. ವೀಸಾ ಕೈಗೆ ಬಂದರೆ ಕಾಗದಪತ್ರದ ಕೆಲಸ ಮುಗಿಯಿತು ಎಂದುಕೊಳ್ಳುವವರು ಹಲವರು. ಎಷ್ಟೋ ದೇಶಗಳಲ್ಲಿ ಅರ್ಧ ಕೆಲಸ ಇಳಿದ ಮೇಲೆ ಶುರುವಾಗುತ್ತದೆ. ಜಪಾನಿನಲ್ಲಿ ಮನೆ ಸೇರಿದ 14 ದಿನಗಳೊಳಗೆ ಸ್ಥಳೀಯ ಆಡಳಿತ ಕಚೇರಿಗೆ ವಿಳಾಸ ತಿಳಿಸಬೇಕು. ಫ್ರಾನ್ಸಿನ ದೀರ್ಘಾವಧಿ ವಿದ್ಯಾರ್ಥಿ ವೀಸಾವನ್ನು ತಲುಪಿದ 3 ತಿಂಗಳೊಳಗೆ ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು. ಜರ್ಮನಿಯಲ್ಲಿ ಎರಡು ವಾರಗಳೊಳಗೆ ನೋಂದಣಿ ಆಗಬೇಕು, ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇಕೇಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಅಗ್ಗಕ್ಕೆ ಸಿಕ್ಕಿತೆಂದು ಯಾರದೋ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹಿಡಿಯುತ್ತಾರೆ, ಆತ ಪತ್ರ ಕೊಡಲು ಒಪ್ಪುವುದಿಲ್ಲ. ನೋಂದಣಿ ಇಲ್ಲದೆ ಬ್ಯಾಂಕ್ ಖಾತೆ, ವಾಸದ ಪರವಾನಗಿ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತವೆ. ಆದ್ದರಿಂದ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಈ ವಿಳಾಸದಲ್ಲಿ ನೋಂದಾಯಿಸಿಕೊಳ್ಳಬಹುದೇ ಎಂದು ಕೇಳಿ. ಬಾಡಿಗೆಯಲ್ಲೂ ‘ತಣ್ಣನೆಯದು’, ‘ಬೆಚ್ಚನೆಯದು’ ಎಂದು ಎರಡು ಬಗೆ ಜರ್ಮನಿಯಲ್ಲಿದೆ. ತಣ್ಣನೆಯದರಲ್ಲಿ ಮನೆ ಬೆಚ್ಚಗಿಡುವ ಖರ್ಚು ಸೇರಿರುವುದಿಲ್ಲ. ‘ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ’ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರಿಗೆ ಹಣ ಕಳಿಸಬೇಡಿ.

ಔಷಧಿಯ ವಿಷಯವನ್ನು ಯಾರೂ ಕೇಳುವುದಿಲ್ಲ. ಕೇಳಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆ ಇನ್ನೊಂದು ದೇಶದಲ್ಲಿ ನಿಷಿದ್ಧ ವಸ್ತುವಾಗಿರಬಹುದು. ಏಕಾಗ್ರತೆಯ ತೊಂದರೆಗೆ ಕೊಡುವ ಆಂಫೆಟಮಿನ್ ಮಾತ್ರೆಗಳನ್ನು ಜಪಾನಿಗೆ ಚೀಟಿ ಇದ್ದರೂ ಒಯ್ಯುವಂತಿಲ್ಲ. ಸೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿರುವ ಶೀತದ ಮಾತ್ರೆಗಳಿಗೂ ಅಲ್ಲಿ ಪ್ರವೇಶವಿಲ್ಲ. ಸಾಮಾನ್ಯ ಚೀಟಿ ಔಷಧಿಗಳೂ ಒಂದು ತಿಂಗಳ ಬಳಕೆಗಿಂತ ಹೆಚ್ಚಿದ್ದರೆ ಮೊದಲೇ ಅನುಮತಿ ಪತ್ರ ಪಡೆಯಬೇಕು. ಬ್ರ್ಯಾಂಡ್ ಹೆಸರಿನಿಂದ ಹುಡುಕಿದರೆ ಏನೂ ಸಿಗುವುದಿಲ್ಲ. ಮಾತ್ರೆಯೊಳಗಿನ ಮೂಲ ಔಷಧದ ಹೆಸರು ಹಾಕಿ ಹುಡುಕಿ.

ವಿಮೆಯನ್ನು ಕೊಳ್ಳುವ ಮೊದಲು ಆ ದೇಶ ಕೇಳುವ ಕನಿಷ್ಠ ಮೊತ್ತ ನೋಡಿ. ವಿನಿಮಯ ಕಾರ್ಯಕ್ರಮದಲ್ಲಿ ಬರುವವರಿಗೆ ಅಮೆರಿಕ ಕೊಡುವ ಜೆ-1 ವೀಸಾದವರಿಗೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್ ರಕ್ಷಣೆ ಕಡ್ಡಾಯ. ವಿದ್ಯುತ್ತಿನದು ಸಣ್ಣ ಮಾತು: ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ಚಾರ್ಜರ್ ಮೇಲೆ 100–240 ಎಂದಿದ್ದರೆ ಪ್ಲಗ್ ಅಡಾಪ್ಟರ್ ಒಂದೇ ಸಾಕು.

ಇದನ್ನೆಲ್ಲ ಎಲ್ಲಿ ಹುಡುಕುವುದು? ನಿಯಮಗಳಿಗೆ ಆ ದೇಶದ ವಲಸೆ ಇಲಾಖೆಯ ಪುಟವನ್ನೇ ನೋಡಿ, ಪುಟವನ್ನು ಕೊನೆಯದಾಗಿ ತಿದ್ದಿದ ದಿನಾಂಕವನ್ನೂ ನೋಡಿ. ದಿನನಿತ್ಯದ ಬದುಕಿನ ವಿವರಗಳಿಗೆ ಹೋದ ವರ್ಷ ಅದೇ ಊರಿನಲ್ಲಿದ್ದು ಬಂದವರನ್ನು ಮಾತಾಡಿಸಿ. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬ್ಯಾಂಕ್ ಖಾತೆ ತೆರೆಯಲು ಎಷ್ಟು ದಿನ ಹಿಡಿಯಿತು, ಮೊದಲ ತಿಂಗಳು ಒಟ್ಟು ಎಷ್ಟು ಖರ್ಚಾಯಿತು, ಆರಿಸಿದ ವಿಷಯಗಳಲ್ಲಿ ಎಷ್ಟು ಕೊನೆಗೆ ಸಿಕ್ಕಲಿಲ್ಲ, ಪರೀಕ್ಷೆಗೆ ಪ್ರತ್ಯೇಕವಾಗಿ ಹೆಸರು ಕೊಡಬೇಕಿತ್ತೇ ಎಂದು ಕೇಳಿ.